ಮಾಳಿಗೆ ಮೇಲಿನ ಬಳೆ

ಶಹಾಪುರದ ಪಂಪಣ್ಣ ಹರೆಯದಲ್ಲಿ ಮೈಕು ಹಚ್ಚಿದನೆಂದರೆ ಭೀಮಾ ನದಿಯ ಮೀನುಗಳು ಈ ದಂಡೆ ಬಿಟ್ಟು ಆ ದಂಡೆಗೆ ಹೋಗಿ ಮಲಗುತ್ತಿದ್ದವು. ಆತ ಬಳಿಚಕ್ರದಲ್ಲಿ ನಿಂತು ‘ಹಲೋ, ಮೈಕ್ ಟೆಸ್ಟಿಂಗ್’ ಎಂದರೆ ವಡಗೇರಾದ ಕಿವುಡು ಮುದುಕಿಯರು ಸೆರಗು ಸರಿಮಾಡಿಕೊಂಡು ‘ಯಾರ್ ಕರದ್ರವ್ವಾ’ ಅಂತ ಬಾಗಿಲಿಗೆ ಬರುತ್ತಿದ್ದರು. ಇದರಲ್ಲಿ ಕೂದಲಿನಷ್ಟೂ ಸುಳ್ಳಿಲ್ಲ. ಇದ್ದರೂ ಈಗ ಪಂಪಣ್ಣನ ತಲೆಯ ಮೇಲೆ ಉಳಿದಿರುವ ಕೂದಲಿನಷ್ಟು, ಅಂದರೆ ಏನೂ ಇಲ್ಲ.

ಮದುವೆಗಳಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಆಯೇರಿ ಕೂಗುವುದು ಆತನ ಖಾಸ್ ಕಸುಬು. ಯಾರು ತಾಮ್ರದ ಕೊಡ ಕೊಟ್ಟರು, ಯಾರು ಸೀರೆ ಉಡಿಸಿದರು, ಯಾರು ಬರೀ ಒಂದು ಖಣ ಕೊಟ್ಟು ಮನೆಮಂದಿಯನ್ನೆಲ್ಲ ಊಟಕ್ಕೆ ಕೂಡಿಸಿದರು, ಎಲ್ಲವೂ ಹೆಸರು ಊರು ಸಮೇತ ಹಾರ್ನಿನಿಂದ ಹೊರಬೀಳಬೇಕು. ಹೆಸರು ಕೂಗಲಿಲ್ಲವೆಂದು ಕೊಟ್ಟ ಕೊಡವನ್ನು ವಾಪಸು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ ಬೀಗರೂ ಇದ್ದರು. ಹೀಗಾಗಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಪಂಪಣ್ಣನ ಬಾಯಿಂದ ಹೆಸರು ಹೇಳಿಸಿಕೊಳ್ಳದ ಮನುಷ್ಯ ಯಾರಾದರೂ ಇದ್ದರೆ ಅವನಿನ್ನೂ ಹುಟ್ಟಿಲ್ಲ ಎಂದೇ ತಿಳಿಯಬೇಕು.

ಆದರೆ ಪಂಪಣ್ಣನ ಹೆಸರು? ಅದನ್ನು ಮಾತ್ರ ಯಾರೂ ಯಾವ ಮೈಕಿನಲ್ಲೂ ಹೇಳಿರಲಿಲ್ಲ. ಬೀಗರ ಮದುವೆಯಲ್ಲಿ ಆತನೂ ಆಯೇರಿ ಕೊಟ್ಟವನೇ. ಆದರೆ ಮೈಕು ಅವನ ಕೈಯಲ್ಲೇ ಇರುತ್ತಿತ್ತು. ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವಷ್ಟು ನಾಚಿಕೆ ಬಿಟ್ಟವನಲ್ಲ. ತನ್ನ ಮದುವೆಯಲ್ಲೂ ಅಷ್ಟೇ. ಬಾಸಿಂಗ ಕಟ್ಟಿಕೊಂಡೇ ಆಂಪ್ಲಿಫೈಯರ್ ಪಕ್ಕ ಕುಕ್ಕರಗಾಲಲ್ಲಿ ಕೂತ ಮದುಮಗ ಅವನು. ಹೆಣ್ಣುಮಕ್ಕಳು ಗದ್ದಲ ಮಾಡಿ ಮದುಮಗಳು ಮಲಕಮ್ಮನಿಗೆ ‘ಗಂಡನ ಹೆಸರ ಹೇಳು, ಒಡಪಿನ್ಯಾಗ ಹೇಳು’ ಎಂದು ಗಂಟುಬಿದ್ದರು. ಆಕೆ ಮೈಕಿಗೆ ಬಾಗಿದಳು. ಬಾಯಿ ತೆರೆದಳು. ಕರೆಂಟು ಹೋಯಿತು. ಗಂಡನ ಹೆಸರು ಹೆಣೆದ ಆ ಪ್ರಾಸದ ಒಡಪು ಪಕ್ಕದ ಇಬ್ಬರು ಅತ್ತೆಯರಿಗೆ ಬಿಟ್ಟರೆ ಜಗತ್ತಿನ ಯಾರ ಕಿವಿಗೂ ಬೀಳಲಿಲ್ಲ. ಅಂದಿನಿಂದ ಇಂದಿನವರೆಗೆ ಮಲಕಮ್ಮನಿಗೆ ಗಂಡ ಎಂದರೆ ‘ಏನ್ರಿ’, ‘ಇವರು’, ‘ನಮ್ಮ ಮನಿಯವ್ರು’. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಆಕೆಯ ಅಮ್ಮ ಹೇಳಿಕೊಟ್ಟಿದ್ದಳು. ಮಲಕಮ್ಮ ಆ ಆಯುಷ್ಯವನ್ನು ಒಂದು ಗುಲಗಂಜಿಯಷ್ಟೂ ಸವೆಸದೆ ಕಾದವಳು.

ಕಾಲ ತಿರುಗಿತು. ಮನೆ ಗೋಡೆ ಬಿರುಕು ಬಿಡುವಂತೆ ಗುಡುಗುವ ಡಿಜೆ ಬಂದವು. ಪಂಪಣ್ಣನ ಎರಡು ಹಾರ್ನು ಅಟ್ಟ ಸೇರಿದವು, ಒಂದರಲ್ಲಿ ಗುಬ್ಬಿ ಸಂಸಾರ ಹೂಡಿತು. ಬಾಯಿಗೆ ಕೆಲಸವಿಲ್ಲದ ಪಂಪಣ್ಣ ಕಿವಿಗೆ ಕೆಲಸ ಹಚ್ಚಿದ. ಒಂದು ಸಣ್ಣ ಶಾರ್ಟ್‌ವೇವ್ ರೇಡಿಯೋ ತಂದು, ಬಟ್ಟೆ ಒಣಗಿಸುವ ಹಗ್ಗದ ಪಕ್ಕ ಉದ್ದನೆ ತಂತಿ ಎಳೆದು, ದೇಶದೇಶದ ಗೊರಗೊರ ಕೇಳುತ್ತ ಕೂತ. ಹಾಗೆ ತಿರುವುತ್ತ ತಿರುವುತ್ತ ಒಂದು ಭಾನುವಾರ ಬೆಳಿಗ್ಗೆ ನಲವತ್ತು ಮೀಟರ್ ಪಟ್ಟಿಯಲ್ಲಿ ದಾದಾ ಸಿಕ್ಕ.

ದಾದಾ ರತ್ನಾಗಿರಿಯವನು. ಹಡಗಿನಲ್ಲಿ ವೈರ್‌ಲೆಸ್ ಆಫೀಸರನಾಗಿದ್ದು ರಿಟೈರ್ ಆದವನು. ಸರಕಾರದ ಲೈಸೆನ್ಸ್ ಪಡೆದು ಮನೆಯಿಂದಲೇ ಒಬ್ಬರಿಗೊಬ್ಬರು ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ಮಂದಿಯನ್ನು ಪ್ರತಿ ಭಾನುವಾರ ಕೂಡಿಸುವನು. ಆ ಕೂಟಕ್ಕೆ ‘ಕಿನಾರಾ’, ಅಂದರೆ ದಂಡೆ, ಎಂದು ಹೆಸರು. ಮರಾಠಿ ಬೆರೆತ ಹಿಂದಿಯಲ್ಲಿ ಆತ ‘ಕಿನಾರೆ ಪೆ ಆಜಾವ್ ಭಾಯಿಯೋ’ ಎಂದರೆ ಲಡಾಖಿನ ಹಿಮದಲ್ಲಿ ಕೂತವನಿಗೂ ಕಾಲಡಿ ಮರಳು ತಾಗುತ್ತಿತ್ತು. ಪಂಪಣ್ಣನಿಗೆ ಲೈಸೆನ್ಸ್ ಇಲ್ಲ, ಮಾತಾಡುವ ಯಂತ್ರವೂ ಇಲ್ಲ. ಕೇಳಬಹುದು, ಅಷ್ಟೇ. ಆದರೂ ದಾದಾ ಕೇಳುಗರನ್ನು ಮರೆಯುವವನಲ್ಲ. ‘ನಿಮ್ಮ ಧ್ವನಿ ನಮ್ಮೂರಿನಲ್ಲಿ ಕೇಳಿಸಿತು’ ಎಂದು ಕಾರ್ಡು ಹಾಕಿದವರ ಹೆಸರನ್ನು ಆಗಾಗ ಓದುತ್ತಿದ್ದ. ಪಂಪಣ್ಣ ಹಾಕಿದ ಕಾರ್ಡುಗಳನ್ನು ಜೋಡಿಸಿದ್ದರೆ ಶಹಾಪುರದಿಂದ ರತ್ನಾಗಿರಿಗೆ ರಸ್ತೆಯಾಗುತ್ತಿತ್ತು. ಆದರೆ ದಾದಾ ಹೆಸರು ಓದಲು ಶುರುಮಾಡಿದ ಕೂಡಲೇ ಓಣಿಯ ಯಾರೋ ಒಬ್ಬರು ಎಲ್‌ಇಡಿ ದೀಪ ಹಚ್ಚುವರು, ಯಾರೋ ಚಾರ್ಜರ್ ಚುಚ್ಚುವರು. ಎದುರು ಮನೆಯ ಹತ್ತಿಬೀಜದ ವ್ಯಾಪಾರಿ ವಿಶ್ವರಾಧ್ಯನ ಇನ್ವರ್ಟರ್ ಅಂತೂ ಸಾವಿರ ಜೀರುಂಡೆ ನುಂಗಿದ ರಾಕ್ಷಸ. ಝೀ ಎಂದು ಬಾಯಿ ತೆರೆದರೆ ದಾದಾ ಮುಳುಗಿದ. ತನ್ನ ಹೆಸರು ಬಂತೋ ಇಲ್ಲವೋ ಪಂಪಣ್ಣನಿಗೆ ಎಂದೂ ಗೊತ್ತಾಗಲಿಲ್ಲ.

ಹೋದ ಮಾಘದಲ್ಲಿ ಒಂದು ಭಾನುವಾರ ಆ ಝೀಕಾರದ ನಡುವೆ ದಾದಾ ಹೇಳಿದ್ದು ಇಷ್ಟು: ಕಣ್ಣು ಹೋಗಿವೆ, ಮಗಳು ಪುಣೆಯ ಫ್ಲ್ಯಾಟಿಗೆ ಕರೆದೊಯ್ಯುತ್ತಾಳೆ, ಅಲ್ಲಿ ಒಂದು ತಂತಿ ಕಟ್ಟಲೂ ಬಿಡುವುದಿಲ್ಲ, ಬರುವ ಭಾನುವಾರವೇ ಕಡೆಯ ಕಿನಾರಾ. ‘ಇಷ್ಟು ವರ್ಷ ನನ್ನನ್ನು ಕೇಳಿದೆ ಅಂತ ಕಾರ್ಡು ಹಾಕಿದವರ ಹೆಸರು, ಊರು ಮಗಳ ಕೈಲಿ ಕಿವಿಯಲ್ಲಿ ಹೇಳಿಸಿಕೊಂಡು ಒಂದೊಂದು ಸಲ ಕೂಗ್ತೀನಿ. ಕೂಗಿ ಯಂತ್ರ ಬಂದ್ ಮಾಡ್ತೀನಿ.’

ಪಂಪಣ್ಣ ರೇಡಿಯೋ ಮುಚ್ಚಿದ. ಚಪ್ಪಲಿ ಹಾಕಿಕೊಂಡದ್ದು ಗೊತ್ತು, ಸುರಪುರದ ಬಸ್ಸು ಹತ್ತಿದ್ದು ಗೊತ್ತಿಲ್ಲ.

ಸುರಪುರದ ಖಾಜಾಹುಸೇನ ಒಂದು ಕಾಲಕ್ಕೆ ಸತ್ತ ರೇಡಿಯೋದ ನಾಡಿ ಹಿಡಿದು ಎಬ್ಬಿಸಿ ಕೂರಿಸುತ್ತಿದ್ದವನು. ಈಗ ಅದೇ ಅಂಗಡಿಯಲ್ಲಿ ಮೊಬೈಲಿಗೆ ಗಾಜಿನ ಹಾಳೆ ಅಂಟಿಸುತ್ತಾನೆ.

“ಕ್ಯಾ ಬಾ ಪಂಪಣ್ಣ, ಹೆಣ ಬಿಟ್ಟು ಬಂದಂಗ ಬಂದೀದಿ?”

“ಹೆಣ ಆಗೋದಕ್ಕಿಂತ ಮೊದಲ ಒಂದ ಕೆಲಸ ಅದ ಖಾಜಾಭಾಯ್. ಬರೋ ಐತವಾರ ನನ್ನ ಹೆಸರ ಗಾಳ್ಯಾಗ ಬರ್ತದ. ಈ ಹಾಳ ಗದ್ದಲ ದಾಟಿ ಅದನ್ನ ಹಿಡೀಬೇಕು.”

ಪೂರಾ ಕೇಳಿ ಖಾಜಾಹುಸೇನ ನಕ್ಕ. “ಉದ್ದನ ತಂತಿ ಕಟ್ಟೀದಿ ಅಂದ್ರ ಸಂತ್ಯಾಗ ಬುಟ್ಟಿ ಖುಲ್ಲಾ ಇಟ್ಟಂಗ. ಬೇಕಾದ್ದೂ ಬೀಳ್ತದ, ಕಸಾನೂ ಬೀಳ್ತದ. ಲೂಪ್ ಮಾಡು. ತಾಮ್ರದ ಪೈಪ್ ತಗೊಂಡು ಬಳಿಯಂಗ ಬಗ್ಗಸು, ಆದ್ರ ಪೂರಾ ಕೂಡಸಬ್ಯಾಡ. ಮ್ಯಾಲೆ ನಾಕ ಬಟ್ಟ ಬಾಯಿ ಬಿಡು. ಆ ಬಾಯಿಗಿ ಇದನ್ನ ಹಚ್ಚು.”

ಒಳಗಿನಿಂದ ಅವನು ತಂದದ್ದು ಹಳೆಯ ವಾಲ್ವ್ ರೇಡಿಯೋದ ಗ್ಯಾಂಗ್. ಸ್ಟೇಷನ್ ತಿರುವಿದರೆ ಒಂದರೊಳಗೊಂದು ಸರಿಯುವ ತಗಡಿನ ರೆಕ್ಕೆಗಳ ಡಬ್ಬಿ.

“ಕೆಳಗ ನಿಂತು ಕೋಲಿಲೆ ಇದರ ಕಿವಿ ತಿರುವು. ದಾದಾನ ಧ್ವನಿ ಎಲ್ಲಿ ಉಬ್ಬತದ ಅಲ್ಲಿ ನಿಲ್ಲಸು. ಆಮ್ಯಾಲ ಬಳಿ ಮಾರಿ ಆ ಇನ್ವರ್ಟರ್ ಕಡೆ ಮಾಡು. ಗದ್ದಲ ಬಳಿ ತೂತಿನ್ಯಾಗ ಹಾದು ಹೋಗ್ತದ, ನಿನಗ ಹತ್ತಂಗಿಲ್ಲ. ಒಂದ ನೆನಪಿಡು. ಬಾಯಿ ಕೂಡಿತಂದ್ರ ಬಳಿ ಸತ್ತಂಗ.”

“ಬಾಯಿ ಕೂಡಿದ್ರ ಪಂಪಣ್ಣಾನೂ ಸತ್ತಂಗ,” ಎಂದು ಪಂಪಣ್ಣ ಗ್ಯಾಂಗನ್ನು ಅಂಗಿಯೊಳಗೆ ಇಟ್ಟುಕೊಂಡ.

ಶಹಾಪುರಕ್ಕೆ ಬಂದು ಏಸಿ-ಫ್ರಿಜ್ಜು ರಿಪೇರಿಯ ಶಾಕೀರನ ಅಂಗಡಿಯಿಂದ ತಾಮ್ರದ ಪೈಪು ತಂದ. ಯಾತಕ್ಕೆ ಅಂತ ಶಾಕೀರ ಕೇಳಿದರೆ ‘ಆಮ್ಯಾಲ ಪ್ಯಾಪರ್‌ನ್ಯಾಗ ಓದು’ ಎಂದ. ವಿಶ್ವರಾಧ್ಯನ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಪೈಪು ಸುತ್ತಿ ಬಗ್ಗಿಸುವಾಗ ಓಣಿಯೇ ನೆರೆಯಿತು. ಉಂಗುರವನ್ನು ಬಿದಿರಿಗೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿದಾಗ ಅದು ಯಾವುದೋ ರಾಕ್ಷಸಿ ಸ್ನಾನಕ್ಕೆ ಹೋಗುವಾಗ ಕಳಚಿಟ್ಟ ಬಳೆಯ ಹಾಗೆ ಬಿಸಿಲಿಗೆ ಝಗ್ ಎಂದಿತು. ಬೆಟ್ಟದ ಮೇಲೆ ಕುರಿ ಕಾಯುವವರು ಎರಡನೇ ಸೂರ್ಯ ಹುಟ್ಟಿದನೆಂದು ಬುತ್ತಿ ಬಿಚ್ಚಿದರಂತೆ.

“ಮೊಬೈಲ್‌ನ್ಯಾಗ ಕೇಳಬಹುದಲ್ಲೋ ಪಂಪಣ್ಣ,” ಎಂದ ವಿಶ್ವರಾಧ್ಯ. “ಯಾವ ಊರಾಗ ಯಾರೋ ರೇಡಿಯೋ ಹಚ್ಚಿರ್ತಾರ, ಅದು ಇಂಟರ್ನೆಟ್‌ನ್ಯಾಗ ಬರ್ತದಂತ. ಈ ಹುಚ್ಚಾಟ ಯಾಕ?”

“ಅದು ಮಂದಿ ಮನಿ ತಂತಿಗಿ ಬಿದ್ದ ಧ್ವನಿ ಮಾರಾಯ. ಮಂದಿ ಮನ್ಯಾಗ ಹುಟ್ಟಿದ ಕೂಸಿಗಿ ನಾ ಹೋಗಿ ತೊಟ್ಟಿಲ ತೂಗಲೇನು? ನೀ ಬೇಕಿದ್ರ ಆ ಹೊತ್ತಿಗಿ ನಿನ್ನ ಇನ್ವರ್ಟರ್ ಬಂದ್ ಮಾಡು.”

“ನಮ್ಮ ಸಿಸಿಟಿವಿ ಬಂದ್ ಆಗ್ತದ. ನಿನ್ನ ಹೆಸರ ಬರೋದರಾಗ ನನ್ನ ಅಂಗಡಿ ಹೋಗಿರ್ತದ.”

ಮಲಕಮ್ಮ ಮಾತ್ರ ನಗಲಿಲ್ಲ. ಒಣಗಿದ ಸೀರೆ ತೆಗೆಯಲು ಬಂದವಳು ತಲೆಯೆತ್ತಿ ಬಳೆಯನ್ನು ನೋಡಿ ಅಲ್ಲೇ ನಿಂತಳು.

“ಏನ್ರಿ, ಮ್ಯಾಲೆ ಯಾಕ್ರಿ ಒಡದದ?”

“ಒಡದಿಲ್ಲ, ಬಾಯಿ ಬಿಟ್ಟದ.”

“ಕೂಡಸ್ರಿ ಅದನ್ನ. ಒಡದ ಬಳಿ ಮನಿ ನೆತ್ತಿ ಮ್ಯಾಲೆ ಇಡಬಾರದು.”

ಆಕೆ ಹೆದರುವುದಕ್ಕೆ ಕಾರಣವಿತ್ತು. ಹಿಂದೆ ಹುಣಸಗಿಯ ಒಂದು ಮದುವೆಯಲ್ಲಿ ಮೈಕಿನ ತಂತಿ ಹಸಿ ಹಂದರಕ್ಕೆ ತಾಗಿ ಪಂಪಣ್ಣ ಕರೆಂಟು ಹೊಡೆಸಿಕೊಂಡಿದ್ದ. ಅವನೇ ಹೇಳುವಂತೆ ಮೂರು ಓಣಿ, ಒಂದು ಬಾವಿ ದಾಟಿ ಬಿದ್ದಿದ್ದ. ಅದೇ ಹೊತ್ತಿಗೆ ಇಲ್ಲಿ ಮಲಕಮ್ಮನ ಕೈ ಬಾಗಿಲಿಗೆ ಬಡಿದು ಬಳೆ ಚೂರಾಗಿತ್ತು. ಆಕೆ ಎದೆ ಹಿಡಿದುಕೊಂಡು ಬಳೆಗಾರ್ತಿ ಮುನ್ನಿಬೀಯ ಮನೆಗೆ ಓಡಿ ಎರಡೂ ಕೈಗೆ ಹಸಿರು ಬಳೆ ತುಂಬಿಸಿಕೊಂಡಿದ್ದಳು. ಕಡೆಯ ಬಳೆ ಮುಂಗೈಗೆ ಇಳಿಯುವುದಕ್ಕೂ ಅತ್ತ ಪಂಪಣ್ಣ ಕಣ್ಣು ಬಿಡುವುದಕ್ಕೂ ಸರಿಹೋಯಿತು. ಡಾಕ್ಟರು ಏನು ಬೇಕಾದರೂ ಹೇಳಲಿ, ಮಲಕಮ್ಮನಿಗೆ ಗಂಡನನ್ನು ಉಳಿಸಿದ್ದು ಯಾರೆಂದು ಗೊತ್ತಿತ್ತು. ಅಂದಿನಿಂದ ಅಂಗಳದಲ್ಲಿ ಬಳೆಯ ಚೂರು ಕಂಡರೆ ಊಟ ಬಿಟ್ಟೆದ್ದು ಆರಿಸುವಳು.

ಇದೆಲ್ಲ ಪಂಪಣ್ಣನಿಗೂ ಗೊತ್ತು. ‘ಆ ಬಾಯಿಯೇ ಇದರ ಜೀವ, ಅಲ್ಲಿ ಕೈ ಹಚ್ಚಬೇಡ’ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಪಂಪಣ್ಣ ಎರಡು ಮಾತಿನ ಮನುಷ್ಯನೇ?

“ಹುಚ್ಚಿ, ಇದು ನಿನ್ನ ಬಳಿ ಅಲ್ಲ. ರತ್ನಾಗಿರಿ ಸಮುದ್ರದ ಕೈಬಳಿ. ನಿನ್ನ ಗಂಡನ ಹೆಸರ ಹೊತಗೊಂಡು ಬರ್ತದ. ನೀ ಹೇಳಂಗಿಲ್ಲಂದ್ರ ಸಮುದ್ರಾನೇ ಹೇಳಲಿ,” ಎಂದು ಕೆಳಗಿಳಿದ.

ಶನಿವಾರ ಬೆಳಿಗ್ಗೆ ಪರೀಕ್ಷೆ. ಮೊದಲು ಅದೇ ಝೀಕಾರ. ಪಂಪಣ್ಣ ಕೋಲಿನಿಂದ ಗ್ಯಾಂಗಿನ ಕಿವಿ ತಿರುವಿದ. ಎಲ್ಲೋ ಒಂದು ಕೂದಲೆಳೆಯ ಜಾಗದಲ್ಲಿ ರೇಡಿಯೋ ಉಸಿರು ತುಂಬಿಕೊಂಡ ಹಾಗೆ ಉಬ್ಬಿತು. ಬಿದಿರನ್ನು ಹಿಡಿದು ಬಳೆಯ ಮುಖವನ್ನು ಮೆಲ್ಲಗೆ ವಿಶ್ವರಾಧ್ಯನ ಮನೆಯತ್ತ ಹೊರಳಿಸಿದ. ಝೀಕಾರ ಸಣ್ಣದಾಯಿತು, ಎಳೆಯಾಯಿತು, ಇಲ್ಲವಾಯಿತು. ಆ ಮೌನದಲ್ಲಿ ಕೇರಳದ ಯಾವನೋ ಹ್ಯಾಮ್ ಬೆಳಿಗ್ಗೆ ಪುಟ್ಟು ಕಡಲೆ ತಿಂದೆ ಎಂದು ಯಾರಿಗೋ ಹೇಳುತ್ತಿದ್ದ. ಪಂಪಣ್ಣನ ಮೂಗಿಗೆ ಅದರ ಹಬೆ ಬಡಿಯಿತು. ಕಣ್ಣಲ್ಲಿ ನೀರು ಬಂದದ್ದು ಅದರ ಖಾರಕ್ಕೆ ಎಂದು ಆಮೇಲೆ ಹೇಳಿದ.

ಇಂಥದ್ದನ್ನು ಒಬ್ಬನೇ ಕೇಳುವುದೇ? ಅಟ್ಟದಿಂದ ಹಾರ್ನು ಇಳಿಸಿದ. ಗುಬ್ಬಿ ಇಲ್ಲದ ಹಾರ್ನನ್ನೇ ಇಳಿಸಿದ, ಅಷ್ಟು ಧರ್ಮ ಇತ್ತು. ಆಂಪ್ಲಿಫೈಯರಿನ ದೂಳು ಕೊಡವಿ, ರೇಡಿಯೋದ ತಂತಿ ಜೋಡಿಸಿ, ಮೈಕನ್ನೂ ಪಕ್ಕಕ್ಕೆ ಇಟ್ಟ. ದಾದಾ ಹೆಸರು ಹೇಳಿದ ಮೇಲೆ ನಾಲ್ಕು ಮಾತು ಆಡಬೇಕಲ್ಲ! ಆಮೇಲೆ ಮಧ್ಯಾಹ್ನದ ಬಸ್ಸಿಗೆ ಕರೆಯಲು ಹೊರಟ. ಸುರಪುರಕ್ಕೆ ಹೋಗಿ ಖಾಜಾಹುಸೇನನನ್ನು ಕರೆದ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಕರೆದ. ಕಂಡಕ್ಟರನನ್ನೂ ಬಿಡಲಿಲ್ಲ. ತಿರುಗಿ ಬಂದು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿಗೊಂದು ಸಲ ನಿಂತು ‘ನಾಳಿ ಮುಂಜಾನಿ ನಮ್ಮ ಮನಿಗಿ ಬರ್ರಿ, ಚುರಮುರಿ ಸುಸಲಾ, ಮಿರ್ಚಿ ಅದ, ಅರಬ್ಬೀ ಸಮುದ್ರ ನನ್ನ ಹೆಸರ ಹೇಳ್ತದ’ ಎಂದು ಸಾರಿದ. ಮನೆ ಮುಟ್ಟಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಮಲಕಮ್ಮ ಬಹು ದಿನಕ್ಕೆ ಹಗುರಾಗಿ ನಗುತ್ತಿದ್ದಳು. ಗಂಡನ ಸಡಗರ ಆಕೆಗೂ ಹತ್ತಿತೆಂದು ಪಂಪಣ್ಣ ತಿಳಿದ.

ಭಾನುವಾರ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮಾಳಿಗೆ ಕುಸಿಯದೆ ನಿಂತದ್ದು ಹಳೇ ಕಾಲದ ತೊಲೆಯ ಪುಣ್ಯ. ಬಳೆಯ ನೆತ್ತಿಯ ಮೇಲೆ ಮಲಕಮ್ಮ ಹಸಿರು ಖಣ ಸುತ್ತಿ, ಮಲ್ಲಿಗೆ ಮಾಲೆ ಇಳಿಬಿಟ್ಟಿದ್ದಳು. ಗ್ಯಾಂಗಿನ ಡಬ್ಬಿ ಮಾತ್ರ ಖಣದಡಿಯಿಂದ ಇಣುಕುತ್ತಿತ್ತು.

“ನೋಡ್ರಿ, ಪೂಜಾನೂ ಮಾಡ್ಯಾಳ,” ಎಂದು ಪಂಪಣ್ಣ ಎಲ್ಲರಿಗೂ ತೋರಿಸಿದ. ರೇಡಿಯೋ ಹಚ್ಚಿದ.

ಝೀ.

ಕೋಲು ತಿರುವಿದ. ಝೀ. ಇನ್ನೂ ತಿರುವಿದ. ಯಾವ ಕೂದಲೆಳೆಯ ಜಾಗದಲ್ಲೂ ಏನೂ ಉಬ್ಬಲಿಲ್ಲ. ಬಳೆಯ ಮುಖವನ್ನು ವಿಶ್ವರಾಧ್ಯನ ಕಡೆ ಮಾಡಿದ, ಬೆಟ್ಟದ ಕಡೆ ಮಾಡಿದ, ಬಸ್‌ಸ್ಟ್ಯಾಂಡಿನ ಕಡೆ ಮಾಡಿದ. ಬಳೆ ಬರೀ ತಾಮ್ರವಾಗಿ ನಿಂತಿತ್ತು. ಅಷ್ಟರಲ್ಲಿ ಕಿನಾರಾದ ಹೊತ್ತಾಯಿತು. ಹಾರ್ನಿನಿಂದ ಝೀಕಾರ ಶಹಾಪುರದ ಮೇಲೆಲ್ಲ ಸುರಿಯಿತು, ನಾಯಿಗಳು ಉತ್ತರ ಕೊಟ್ಟವು.

“ಯಾರಿವರು, ಝೀ ಸಾಹೇಬ್ರೇನು?” ಎಂದ ವಿಶ್ವರಾಧ್ಯ. ಮಂದಿ ನಕ್ಕರು. “ಪಂಪಣ್ಣ, ನಿನ್ನ ಹೆಸರ ಬಂತಂದ್ರ ತಿಳಸಪಾ, ನಾವು ಮಿರ್ಚಿ ತಿಂತಿರ್ತೀವಿ.”

ಪಂಪಣ್ಣ ನಗಲಿಲ್ಲ. ಹಣೆಯ ಬೆವರು ಮೂಗಿನ ತುದಿಯಿಂದ ರೇಡಿಯೋದ ಮೇಲೆ ಬಿತ್ತು. ಹಳೆಯ ಉದ್ದನೆ ತಂತಿಯನ್ನೇ ಎಳೆದು ಸಿಕ್ಕಿಸಿದ. ಝೀಕಾರದ ತಳದಲ್ಲಿ, ಬಾವಿಯ ತಳದಲ್ಲಿ ಮಾತಾಡಿದಂತೆ, ದಾದಾ ಇದ್ದ. ಒಂದು ಹೆಸರು, ಒಂದು ಊರು. ಒಂದು ಹೆಸರು, ಒಂದು ಊರು. ಅದರ ನಡೆ ಪಂಪಣ್ಣನಿಗೆ ಗೊತ್ತಾಯಿತು. ಅದು ಆಯೇರಿ ಕೂಗುವ ನಡೆಯೇ. ಮಾತು ಮಾತ್ರ ಒಂದೂ ಗೊತ್ತಾಗಲಿಲ್ಲ.

“ಕಾಕಾ, ಕೆಲಸ ಹೆಂಗಾಗ್ಯದ?” ಹಿಂದಿನಿಂದ ಶಾಕೀರ ಕೂಗಿದ. ಅವನು ಇದೀಗ ಮೆಟ್ಟಿಲು ಹತ್ತಿ ಬಂದಿದ್ದ, ಕೈಯಲ್ಲಿ ಸುಸಲಾ ತಟ್ಟೆ. “ನಿನ್ನೆ ಕಾಕು ಕರೆಸಿದ್ರು. ಮ್ಯಾಲೆ ಪೈಪ್ ಒಡದಿತ್ತಲ್ಲ, ನೀವು ಆ ಡಬ್ಬಿ ಕಟ್ಟಿ ಹಂಗಾ ತೇಪಿ ಹಾಕಿದ್ರಿ. ನಾ ತಾಮ್ರದ ತುಂಡ ಇಟ್ಟು ಗ್ಯಾಸ್ ವೆಲ್ಡಿಂಗ್ ಹೊಡದೀನಿ. ನಿಮ್ಮ ಡಬ್ಬೀನೂ ಹಂಗೇ ವಾಪಸ ಕಟ್ಟೀನಿ. ಉಗುರ ಹಾಕಿದ್ರೂ ಸಂದು ಸಿಗಂಗಿಲ್ಲ, ನೋಡ್ರಿ ಬೇಕಿದ್ರ!”

“ಯಾ ಅಲ್ಲಾ,” ಎಂದು ಖಾಜಾಹುಸೇನ ತಲೆಯ ಮೇಲೆ ಕೈ ಇಟ್ಟುಕೊಂಡ. “ಬಾಯಿ ಕೂಡಿಸ್ಯಾನ.”

ಪಂಪಣ್ಣ ತಿರುಗಿ ಹೆಂಡತಿಯನ್ನು ನೋಡಿದ. ಮಲಕಮ್ಮ ಚಹಾದ ಪರಾತ ಹಿಡಿದುಕೊಂಡು ನಿಂತಿದ್ದಳು.

“ಮುನ್ನಿಬೀ ಓಣ್ಯಾಗ ನಿಂತು ನೋಡಿ ಅಂದಳ್ರಿ. ಯವ್ವಾ, ನಿನ್ನ ಮಾಳಿಗಿ ಮ್ಯಾಲೆ ಒಡದ ಬಳಿ ಅದ, ಹಂಗ ಬಿಡಬ್ಯಾಡ ಅಂತ. ನಿಮಗ ಏನರ ಆದ್ರ… ಅದಕ್ಕ ನಾನಾ ಕರೆಸೀನಿ. ಅದು ಕೂಡಬಾರದಿತ್ತೇನ್ರಿ?”

ಮೂರು ತಾಲ್ಲೂಕಿನ ಮಾತು ಆಡಿದ ಬಾಯಿ ಮೊದಲ ಸಲ ಮುಚ್ಚಿಕೊಂಡಿತು. ಖಾಜಾಹುಸೇನ ಕೂಗಿದ: “ಶಾಕೀರ, ಗರಗಸ ತಾ! ದೌಡ!”

ಶಾಕೀರ ತಟ್ಟೆ ಬಿಸಾಕಿ ಓಡಿದ ರಭಸಕ್ಕೆ ಓಣಿಯ ಕೋಳಿಗಳು ಇಂದಿಗೂ ಅವನನ್ನು ಕಂಡರೆ ಗೋಡೆ ಹತ್ತುತ್ತವೆ. ಗರಗಸ ಬಂತು. ಸ್ಟೂಲಿನ ಮೇಲೆ ಪಂಪಣ್ಣನೇ ಹತ್ತಿದ. ಖಣ ಕಿತ್ತ, ಮಾಲೆ ಕಿತ್ತ. ಕೂಡಿಸಿದ್ದು ಖರೇ ಚಂದ ಕೂಡಿಸಿದ್ದ. ಎಲ್ಲಿ ಕೂಡಿತ್ತೆಂದು ಕಾಣದೆ ಒಂದು ಗಳಿಗೆ ಹುಡುಕಬೇಕಾಯಿತು. ಗರಗಸ ಇಟ್ಟು ಕೆಳಗೆ ನೋಡಿದ. ಸ್ಟೂಲಿನ ಕಾಲು ಹಿಡಿದುಕೊಂಡು ನಿಂತವಳು ಮಲಕಮ್ಮ. ಒಂದು ಕೈ ಸ್ಟೂಲಿಗೆ, ಒಂದು ಕೈ ತಾಳಿಗೆ.

“ಕೊಯ್ಯಲೇನು?” ಎಂದ.

ಆಕೆ ಕಣ್ಣು ಮುಚ್ಚಿಕೊಂಡಳು. “ಕೊಯ್ರಿ.”

ಗರಗಸ ಕಿರಗುಟ್ಟಿತು. ತಾಮ್ರದ ಪುಡಿ ಮಲಕಮ್ಮನ ತಲೆಯ ಮೇಲೆ ಉದುರಿತು. ಒಂದು ಕಡೆ ಕೊಯ್ದದ್ದಾಯಿತು, ಇನ್ನೊಂದು ಕಡೆ ಕೊಯ್ಯಬೇಕಿತ್ತು. ಹಾರ್ನಿನಲ್ಲಿ ಬಾವಿಯ ತಳದ ಮಾತು ನಡೆದೇ ಇತ್ತು. ಒಂದು ಹೆಸರು, ಒಂದು ಊರು. ಈಗ ಯಾರೂ ನಗುತ್ತಿರಲಿಲ್ಲ. ವಿಶ್ವರಾಧ್ಯ ಯಾವಾಗ ಮೆಟ್ಟಿಲಿಳಿದನೋ ತಿಳಿಯದು. ಎದುರು ಮನೆಯಿಂದ ಆತನ ದನಿ ಬಂತು: “ಏ ಪಂಪಣ್ಣ, ಇನ್ವರ್ಟರ್ ಬಂದ್ ಮಾಡ್ತೀನೋ! ಅಂಗಡಿ ಹೋದ್ರ ಹೋಗ್ಲಿ!” ಝೀಕಾರ ಒಂದು ಪದರ ಕಳಚಿತು. ಆದರೆ ಓಣಿಗೆ ಒಂದೇ ಇನ್ವರ್ಟರೇ? ಅದರ ಕೆಳಗೆ ಹತ್ತು ಪದರ ಇದ್ದವು.

ತುಂಡು ಟಣ್ ಎಂದು ಕೆಳಗೆ ಬಿತ್ತು. ಖಾಜಾಹುಸೇನ ರೇಡಿಯೋಗೆ ಬಳೆಯ ತಂತಿ ಸಿಕ್ಕಿಸಿ ಕೋಲು ತಿರುವಿದ. ರೇಡಿಯೋ ಉಸಿರು ತುಂಬಿಕೊಂಡಿತು. ಪಂಪಣ್ಣ ಸ್ಟೂಲಿನ ಮೇಲಿಂದಲೇ ಬಿದಿರನ್ನು ಹೊರಳಿಸಿದ. ಗದ್ದಲ ಸಣ್ಣದಾಯಿತು, ಎಳೆಯಾಯಿತು, ಹೋಯಿತು. ಹಾರ್ನಿನಿಂದ ದಾದಾ ಶಹಾಪುರದ ಮಾಳಿಗೆಗೇ ಬಂದು ಕೂತಂತೆ, ಗಂಟಲಿನ ಕಫ ಸಮೇತ, ಸ್ವಚ್ಛ ಹೇಳಿದ:

“…ಇಷ್ಟೇ ಭಾಯಿಯೋ. ಎಲ್ಲರ ಹೆಸರೂ ಹೇಳಿದೆ ಅಂದುಕೊಂಡೀನಿ. ಯಾರದಾದರೂ ಉಳಿದಿದ್ದರೆ ಮಾಫ್ ಮಾಡಿ. ಕಿನಾರಾ ಬಂದ್.”

ಒಂದು ಸಣ್ಣ ಕಟ್ ಎಂಬ ಸದ್ದು. ಆಮೇಲೆ ಏನೂ ಇಲ್ಲ. ಆ ಬಳೆ ಎಷ್ಟು ಚಂದ ಕೆಲಸ ಮಾಡುತ್ತಿತ್ತೆಂದರೆ, ಹಾರ್ನಿನಲ್ಲಿ ಒಂದು ಸೊಳ್ಳೆಯಷ್ಟೂ ಗದ್ದಲವಿರಲಿಲ್ಲ. ಇಡೀ ಅರಬ್ಬೀ ಸಮುದ್ರ ಬತ್ತಿಹೋದ ಹಾಗೆ ಮೌನ.

ಆಮೇಲೆ ಒಬ್ಬೊಬ್ಬ ಹ್ಯಾಮ್ ಬಂದು ದಾದಾನನ್ನು ಕರೆದ. ದಾದಾ ಉತ್ತರ ಕೊಡಲಿಲ್ಲ. ಅವರೆಲ್ಲ ಹೆಸರು ಕೇಳಿದವರು. ಪಂಪಣ್ಣ ಅವರನ್ನು ಕೇಳಬಹುದಿತ್ತು, ಶಹಾಪುರದ ಒಬ್ಬನ ಹೆಸರು ಬಂತೇನ್ರಿ ಅಂತ. ಆದರೆ ಅವನಿಗೆ ಲೈಸೆನ್ಸ್ ಇಲ್ಲ, ಯಂತ್ರ ಇಲ್ಲ. ನೂರಾರು ಹೆಸರಿನ ನಡುವೆ ಅದೊಂದನ್ನು ನೆನಪಿಟ್ಟವರಾದರೂ ಯಾರು? ವಿಶ್ವರಾಧ್ಯ ಮೊಬೈಲು ಉಜ್ಜಿ ಉಜ್ಜಿ ಹುಡುಕಿದ. ಅದರಲ್ಲೂ ಏನೂ ಸಿಗಲಿಲ್ಲ.

“ಹೇಳಿರ್ತಾನ ತಗೋ,” ಎಂದ ಖಾಜಾಹುಸೇನ. “ಇಷ್ಟ ಕಾರ್ಡ್ ಹಾಕೀದಿ. ಹೇಳದ ಇರ್ತಾನೇನು?”

“ಹೇಳಿರ್ತಾನ,” ಎಂದ ಪಂಪಣ್ಣ. “ಹೇಳದನೂ ಇರ್ತಾನ.”

ಮಂದಿ ಒಬ್ಬೊಬ್ಬರೇ ಮೆಟ್ಟಿಲಿಳಿದರು. ಅಷ್ಟೂ ಸುಸಲಾ ಹಾಗೇ ಉಳಿಯಿತು. ಶಹಾಪುರದ ಇತಿಹಾಸದಲ್ಲಿ ಪುಕ್ಕಟೆ ಮಿರ್ಚಿ ಉಳಿದದ್ದು ಅದೇ ಮೊದಲು. ಕಡೆಗೆ ಮಾಳಿಗೆಯ ಮೇಲೆ ನಾಲ್ಕೇ ಮಂದಿ: ಪಂಪಣ್ಣ, ಮಲಕಮ್ಮ, ಖಾಜಾಹುಸೇನ, ಮೂಲೆಯಲ್ಲಿ ಗರಗಸ ಹಿಡಿದು ತಲೆ ತಗ್ಗಿಸಿದ ಶಾಕೀರ.

ಮಲಕಮ್ಮ ಪರಾತ ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರನ್ನೂ ನೋಡದೆ, ನೆಟ್ಟಗೆ ಮೈಕಿನ ಹತ್ತಿರ ಹೋದಳು. ಹಾರ್ನು ಇನ್ನೂ ಜೀವಂತವಿತ್ತು. ಆಕೆ ಉಸಿರು ಎಳೆದುಕೊಂಡದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು.

ಪಂಪಣ್ಣನಿಗೆ ಅರ್ಥವಾಯಿತು. ತಡೆಯಲಿಲ್ಲ.

“ಶಾಪೂರದಾಗ ಇರೋ…” ಎಂದಳು ಮಲಕಮ್ಮ. ಊರೆಲ್ಲ ಕೇಳಿಸಿತು. “ಮೈಕಸೆಟ್ಟಿನ…” ಎಂದಳು. ಮತ್ತೆ ಉಸಿರೆಳೆದಳು. ತುಟಿ ಕೂಡಿದವು, ‘ಪ’ ಎನ್ನಲು ಕೂಡುವ ಹಾಗೆ ಕೂಡಿದವು. ಆಗ ಆಕೆಯ ಕಣ್ಣು ಮೇಲೆ ಹೋಯಿತು. ಕೊಯ್ದ ಬಾಯಿ ತೆರೆದುಕೊಂಡು ಬಳೆ ಬಿಸಿಲಲ್ಲಿ ನಿಂತಿತ್ತು. ಬಳೆಯೂ ಒಡೆದಿದೆ. ಅದರ ಕೆಳಗೆ ನಿಂತು ಹೆಸರೂ ಹೇಳುವುದೇ?

“ಇವರು…” ಎಂದಿತು ಹಾರ್ನು. “ಇವರು… ನಮ್ಮ ಮನಿಯವ್ರು…”

ಅಷ್ಟೇ. ಆಮೇಲೆ ಮೈಕು ಕುಂಯ್ ಎಂದು ಸಿಳ್ಳು ಹೊಡೆಯಿತು. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು. “ಆಗವಲ್ದ್ರಿ. ನನ್ನ ಕೈಲೆ ಆಗವಲ್ದು.”

ಪಂಪಣ್ಣ ಹೋಗಿ ಆಂಪ್ಲಿಫೈಯರಿನ ಕಿವಿ ತಿರುವಿದ. ಕೆಂಪು ದೀಪ ಆರಿತು. ರೇಡಿಯೋದ ಕಡ್ಡಿ ಮಡಿಚಿ ಅಂಗಿಯ ತುದಿಯಿಂದ ಒರೆಸಿ ಗೋಡೆಯ ಮೇಲಿಟ್ಟ. ಆಮೇಲೆ ಕೆಳಗೆ ಬಿದ್ದಿದ್ದ ತಾಮ್ರದ ತುಂಡು ಎತ್ತಿಕೊಂಡ. ಅದು ಬಿಸಿಲಿಗೆ ಕಾದಿತ್ತು.

“ಶಾಕೀರ, ಗ್ಯಾಸ್ ಹೊತಗೊಂಡು ಬಾ,” ಎಂದ.

“ಯಾಕ ಕಾಕಾ?”

“ಕೂಡಸು ಇದನ್ನ.”

“ಹುಚ್ಚಾಗಬ್ಯಾಡ ಪಂಪಣ್ಣ,” ಎಂದ ಖಾಜಾಹುಸೇನ. “ಛಲೋ ಕೇಳಾಕತ್ತದ. ಇಡೀ ದುನಿಯಾ ಬರ್ತದ ಅದರಾಗ. ದಾದಾ ಹೋದ್ರ ಇನ್ನೊಬ್ಬ ಬರ್ತಾನ.”

“ಬರ್ಲಿ. ಇನ್ನೊಬ್ಬರ ಹೆಸರ ಹೇಳ್ಲಿ. ನಾ ಭಾಳ ಮಂದಿ ಹೆಸರ ಕೇಳೀನಿ ಖಾಜಾಭಾಯ್.”

ಶಾಕೀರ ಗ್ಯಾಸ್ ಸಿಲಿಂಡರ್ ಹೊತ್ತು ತಂದ. ನೀಲಿ ಉರಿ ಬುಸ್ ಎಂದಿತು. ಪಂಪಣ್ಣ ಗ್ಯಾಂಗಿನ ಡಬ್ಬಿ ಬಿಚ್ಚಿ ಖಾಜಾಹುಸೇನನ ಕೈಯಲ್ಲಿಟ್ಟ. ಖಾಜಾಹುಸೇನ ಅದರ ರೆಕ್ಕೆಗಳನ್ನು ಒಮ್ಮೆ ತೆರೆದು ಮುಚ್ಚಿದ. ಮಲಕಮ್ಮ ಕೂತಲ್ಲಿಂದಲೇ ಉರಿಯನ್ನು ನೋಡುತ್ತಿದ್ದಳು. ಬಾಯಿ ಕೂಡಿದ ಮೇಲೆ ಒಂದು ಸಲ ಕೈಯೆತ್ತಿ ಬಳೆಗೆ ನಮಸ್ಕಾರ ಮಾಡಿದಳು.

ಶಾಕೀರನ ಈ ಸಲದ ಕೆಲಸ ನಿನ್ನೆಯಷ್ಟು ನಯವಾಗಲಿಲ್ಲ. ಉಗುರು ಹಾಕಿದರೆ ಸಂದು ಸಿಗುತ್ತಿತ್ತು.